ಜೆರಾಕ್ಸ್ ಅಂಗಡೀಲಿ ಲಿನಕ್ಸ್ ಮಿಂಟ್: ಪ್ರಿಂಟರ್ ಒಂದು ಬಿಟ್ಟು ಎಲ್ಲಾ ಸರಿ

ವಿಂಡೋಸ್ ಬದ್ಲು ಬಿಟ್ಟಿ ಸಿಗೋ ಓಎಸ್ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್) ಲಿನಕ್ಸ್ ಮಿಂಟ್ 21 ಹಾಕ್ಕೊಂಡು ಅಂಗಡಿ ನಡೆಸೋಕೆ ಶುರು ಮಾಡಿ ಎರಡು ವರ್ಷದ ಮೇಲಾಯ್ತು. ತಾಲ್ಲೂಕು ಆಫೀಸ್ ಎದುರಿಗಿರೋ ಸಣ್ಣ ಜೆರಾಕ್ಸ್-ಡಿಟಿಪಿ ಅಂಗಡಿ ನಮ್ದು, ಗೇಮ್ ಆಡೋರಿಗೆ ಈ ರಿವ್ಯೂ ಉಪಯೋಗ ಇಲ್ಲ. ಓಎಸ್ ಹಾಕೋದೇ ಕಷ್ಟ ಅನ್ನೋರ ಮಾತು ನಂಬ್ಬೇಡಿ, ಪೆನ್‌ಡ್ರೈವ್‌ಗೆ ಐಎಸ್‌ಒ (ಓಎಸ್ ಪೂರ್ತಿ ಇರೋ ಫೈಲ್) ಬರ್ಕೊಂಡು ಬೂಟ್ ಮಾಡಿದ್ರೆ ಟೀ ಕುಡ್ದು ಬರೋಷ್ಟ್ರಲ್ಲಿ ಮುಗ್ದಿರುತ್ತೆ. ಗ್ರಹಚಾರ ಶುರುವಾಗೋದು ಅದಾದ್ಮೇಲೆ, ಬೇರೆ ಏನಾದ್ರೂ ಹಾಕೋಕೆ ಹೋದಾಗ.

ನನ್ನ ಹತ್ರ ಇರೋದು ಒಂದು ಪುಟ್ಟ ಲೇಸರ್ ಪ್ರಿಂಟರ್, ಕಂಪನಿ ಹೆಸರು ಬೇಡ, ಟೋನರ್ ರೀಫಿಲ್ ಅಗ್ಗ ಅಂತ ಈ ರಸ್ತೇಲಿ ಎಲ್ರ ಹತ್ರಾನೂ ಅದೇ ಇದೆ. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಅಂತ ಪುಟ ವಿವರಿಸೋ ಪ್ರಿಂಟರ್ ಭಾಷೆಗಳಿವೆ, ಯಾವ್ದೂ ಅದಕ್ಕೆ ಅರ್ಥ ಆಗಲ್ಲ, ಇಡೀ ಪುಟಾನ ಕಂಪ್ಯೂಟರೇ ಚುಕ್ಕಿ ಚುಕ್ಕಿ ಮಾಡಿ ಕಳಿಸ್ಬೇಕು, ಆ ಕಲೆ ಗೊತ್ತಿರೋದು ಕಂಪನಿ ಡ್ರೈವರ್‌ಗೆ (ಪ್ರಿಂಟರ್ ನಡೆಸೋ ಪ್ರೋಗ್ರಾಮ್) ಮಾತ್ರ. ಡ್ರೈವರ್ ಕೊಟ್ಟಿದಾರೆ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕೆ 32 ಬಿಟ್ ಲೈಬ್ರರಿಗಳು (ಹಳೇ ಥರದ ಪ್ರೋಗ್ರಾಮ್‌ಗೆ ಬೇಕಾದ ಸಹಾಯಕ ಫೈಲ್‌ಗಳು) ಬೇಕು, ಅದನ್ನ ತರ್ಬೇಕು ಅಂದ್ರೆ ಮೊದ್ಲು ಐ386 ಆರ್ಕಿಟೆಕ್ಚರ್ (ಆ 32 ಬಿಟ್ ಬಗೆ) ಸೇರಿಸ್ಬೇಕು, ಸೇರಿಸಿ ಸುಡೋ ಆಪ್ಟ್ ಇನ್‌ಸ್ಟಾಲ್ ಅನ್ನೋ ಕಮಾಂಡ್ ಕೊಟ್ರೆ 'ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್', ಅಂದ್ರೆ ಮುರ್ದಿರೋ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಹಿಡ್ಕೊಂಡಿದೀಯ, ಅನ್ನುತ್ತೆ. ನಾನೇನಪ್ಪಾ ಹಿಡ್ಕೊಂಡಿದೀನಿ? ಮೇಲ್ಗಡೆ ಒಂದಿಷ್ಟು ಪ್ಯಾಕೇಜ್ ಹೆಸರು ತೋರಿಸುತ್ತೆ, ಯಾಕೆ ಮುರ್ದಿದೆ ಅಂತ ನನ್ನಂಥೋರಿಗೆ ಅರ್ಥ ಆಗಲ್ಲ.

ಸರಿ, ಯಾರೋ ಪುಣ್ಯಾತ್ಮರು ಇದೇ ಪ್ರಿಂಟರ್‌ಗೆ ಓಪನ್ ಸೋರ್ಸ್ (ಮೂಲ ಕೋಡ್ ಎಲ್ರಿಗೂ ಬಿಟ್ಟಿರೋ) ಡ್ರೈವರ್ ಬರ್ದಿದಾರೆ ಅಂತ ಗೊತ್ತಾಗಿ ಅದನ್ನ ಇಳಿಸ್ಕೊಂಡೆ. ಜತೆಗೆ ಬರೋ ಸೂಚನೆ ಫೈಲ್ ರೀಡ್‌ಮೀಲಿ ಬರೀ ಮೂರು ಸಾಲು. ಮೇಕ್ (ಕೋಡ್‌ನಿಂದ ಪ್ರೋಗ್ರಾಮ್ ತಯಾರಿಸೋ ಕಮಾಂಡ್) ಅನ್ನಿ, ಮೇಕ್ ಇನ್‌ಸ್ಟಾಲ್ ಅನ್ನಿ, ಮುಗೀತು. ಮೇಕ್ ಅಂದ್ರೆ ಕಮಾಂಡ್ ನಾಟ್ ಫೌಂಡ್! ಅದಕ್ಕೆ ಮುಂಚೆ ಬಿಲ್ಡ್-ಎಸೆನ್ಶಿಯಲ್ ಅನ್ನೋ ತಯಾರಿಕೆ ಸಾಮಾನು ಬೇಕು, ಅದಾದ್ಮೇಲೆ ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆ ಕಪ್ಸ್‌ನ ಹೆಡರ್ ಫೈಲ್ ಬೇಕು, ಬರ್ದೋರಿಗೆ ಇದೆಲ್ಲಾ ಮನೇಲಿ ಉಪ್ಪು ಇದ್ದಂಗೆ ಇದ್ದೇ ಇರುತ್ತಲ್ಲ, ಹೇಳ್ಬೇಕು ಅಂತಾನೇ ಅನ್ಸಿರಲ್ಲ. ಬಿಟ್ಟಿ ಕೊಟ್ಟಿದಾರೆ, ಬೈಯೋ ಹಕ್ಕಿಲ್ಲ ಅಂತ ಗೊತ್ತು, ಆದ್ರೂ ಬಾಗಿಲಲ್ಲಿ ನಾಲ್ಕು ಜನ ಅರ್ಜಿ ಹಿಡ್ಕೊಂಡು ನಿಂತಿರುವಾಗ ಬೈಗುಳ ತಾನಾಗೇ ಬರುತ್ತೆ. ಕೊನೆಗೆ ಅದು ಕಂಪೈಲೇನೋ ಆಯ್ತು, ಪ್ರಿಂಟ್ ಅರ್ಧ ಪುಟಕ್ಕೇ ನಿಲ್ತಿತ್ತು. ಮತ್ತೆ ಕಂಪನಿ ಡ್ರೈವರ್ ಕಾಲಿಗೇ ಬಿದ್ದು, ಲೈಬ್ರರಿಗಳನ್ನ ಒಂದೊಂದಾಗಿ ಕೈಯಲ್ಲೇ ಹಾಕಿ ದಾರಿಗೆ ತಂದೆ.

ಈಗ ಬೆಳಿಗ್ಗೆ ಅಂಗಡಿ ತೆಗೆದ್ರೆ ಒಂದು ಮಡಿ ಇದೆ. ಸಿಸ್ಟಮ್ ಪೂರ್ತಿ ಆನ್ ಆಗಿ ಡೆಸ್ಕ್‌ಟಾಪ್ ಬರೋವರೆಗೂ ಪ್ರಿಂಟರ್ ಸ್ವಿಚ್ ಮುಟ್ಟಂಗಿಲ್ಲ. ಆಮೇಲೆ ಡೆಸ್ಕ್‌ಟಾಪಲ್ಲಿ 'ಏಳಪ್ಪ' ಅಂತ ಹೆಸರಿಟ್ಟಿರೋ ಐಕಾನ್ ಒತ್ಬೇಕು, ಅದು ಡ್ರೈವರ್‌ನ ಹಿಂದ್ಗಡೆ ಓಡೋ ಪ್ರೋಗ್ರಾಮ್‌ನ ನಿಲ್ಲಿಸಿ ಮತ್ತೆ ಶುರು ಮಾಡುತ್ತೆ. ಆಮೇಲೆ ಪ್ರಿಂಟರ್ ಆನ್, ಹಸಿರು ಲೈಟ್ ಬಂದ್ಮೇಲೆ ಹಿಂದೆ ಪ್ರಿಂಟಾಗಿರೋ ವೇಸ್ಟ್ ಹಾಳೆ ಒಂದಿಟ್ಟು ಟೆಸ್ಟ್. ಕರೆಂಟ್ ಹೋಗಿ ಬಂದ್ರೆ ಮೊದ್ಲಿಂದ ಎಲ್ಲಾ.

ಇಷ್ಟೆಲ್ಲಾ ಗೋಳಿದ್ರೂ ವಿಂಡೋಸ್‌ಗೆ ವಾಪಸ್ ಯಾಕೆ ಹೋಗ್ಲಿಲ್ಲ ಅಂದ್ರೆ ಗಿರಾಕಿಗಳ ಪೆನ್‌ಡ್ರೈವ್. ಜೆರಾಕ್ಸ್ ಅಂಗಡಿಯವ್ರಿಗೆ ಶಾರ್ಟ್‌ಕಟ್ ವೈರಸ್ (ಅಸಲಿ ಫೋಲ್ಡರ್ ಬಚ್ಚಿಟ್ಟು ಅದ್ರ ಜಾಗದಲ್ಲಿ ನಕಲಿ ಶಾರ್ಟ್‌ಕಟ್ ಇಡೋದು) ಏನು ಅಂತ ಹೇಳ್ಬೇಕಿಲ್ಲ, ಒಬ್ರು ತಂದ್ರೆ ಸಂಜೆಯೊಳಗೆ ಊರಿಗೆಲ್ಲಾ ನಾವೇ ಹಂಚಿರ್ತೀವಿ. ಮಿಂಟಲ್ಲಿ ಆ ಶಾರ್ಟ್‌ಕಟ್ ಫೈಲ್ ಸುಮ್ನೆ ಬಿದ್ದಿರುತ್ತೆ, ಕ್ಲಿಕ್ ಮಾಡಿದ್ರೂ ಏನೂ ಆಗಲ್ಲ. ಅದಕ್ಕಿಂತ ಮಜಾ ಅಂದ್ರೆ ವೈರಸ್ ಹಿಡನ್ ಮಾಡಿಟ್ಟಿರೋ ಅಸಲಿ ಫೋಲ್ಡರ್ ಕೂಡ ಪಕ್ಕದಲ್ಲೇ ಕಾಣುತ್ತೆ, ಯಾಕಂದ್ರೆ ವಿಂಡೋಸ್‌ನ ಆ ಹಿಡನ್ ಗುರುತನ್ನ ಲಿನಕ್ಸ್ ಲೆಕ್ಕಕ್ಕೇ ತಗೊಳಲ್ಲ. 'ಅಣ್ಣಾ ನನ್ನ ಫೈಲೆಲ್ಲಾ ಹೋಯ್ತು' ಅಂತ ಅಳೋ ಮುಖ ಮಾಡ್ಕೊಂಡು ಬಂದ ಕಾಲೇಜ್ ಹುಡ್ಗಿಗೆ ಪ್ರಾಜೆಕ್ಟ್ ರಿಪೋರ್ಟ್ ತೆಗೆದು ಕೊಟ್ಟಿದ್ದಕ್ಕೆ ನಾನು ಏನೋ ದೊಡ್ಡ ಎಂಜಿನಿಯರ್ ಅಂತ ಸುದ್ದಿ ಹಬ್ಬಿದೆ.

ಕನ್ನಡ ಟೈಪಿಂಗ್ ಕೂಡ ತೊಂದ್ರೆ ಇಲ್ಲ. ಐಬಸ್, ಎಂ17ಎನ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿದ್ರೆ ಕೆಜಿಪಿ ಲೇಔಟ್ (ನುಡಿ ತಂತ್ರಾಂಶದ ಕೀಲಿ ಜೋಡಣೆ) ಅದ್ರಲ್ಲೇ ಇದೆ, ನುಡಿ ಕೈಗೆ ಕೂತಿರೋರು ಹಂಗೇ ಹೊಡೀಬಹುದು. ಹಳೇ ನುಡಿ ಫಾಂಟ್‌ನ ಫೈಲ್ ತೆಗೆದ್ರೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಆ ಫಾಂಟ್ ತಂದು ಹಾಕ್ಕೋಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ನಿಂತ್ಮೇಲೆ ಪಕ್ಕದ ಅಂಗಡಿಯವ್ರೂ ಬಂದು ಕೇಳ್ತಿದಾರೆ, ಅವ್ರ ಹಳೇ ಸಿಸ್ಟಮ್‌ಗೆ 11 ಹತ್ತಲ್ಲ. ಅವ್ರಿಗೆ ಹೇಳಿದ್ದೇ ಇಲ್ಲೂ ಹೇಳ್ತೀನಿ, ಮೊದ್ಲು ನಿಮ್ಮ ಪ್ರಿಂಟರ್ ಯಾವ್ದು ನೋಡ್ಕೊಳಿ. ವೈಫೈ ಇರೋ, ಏರ್‌ಪ್ರಿಂಟ್ ಅಂತ ಬರ್ದಿರೋ ಈಚಿನ ಮಾಡೆಲ್ ಆದ್ರೆ ಸಾಮಾನ್ಯವಾಗಿ ಡ್ರೈವರೇ ಬೇಡ, ತಾನಾಗೇ ಸಿಗುತ್ತೆ, ಕಣ್ಣುಮುಚ್ಚಿ ಮಿಂಟ್ ಹಾಕಿ. ನನ್ನಂಥ ಪ್ರಿಂಟರ್ ಆದ್ರೆ ಒಂದು ಭಾನುವಾರ ಪೂರ್ತಿ ಬಿಡುವು ಮಾಡ್ಕೊಳಿ, ಸೋಮವಾರ ಬೆಳಿಗ್ಗೆ ಅಂತೂ ಕೈ ಹಾಕ್ಬೇಡಿ.

ಮಿಂಟ್‌ಗೆ ನಾಲ್ಕು ಸ್ಟಾರ್. 22 ಬಂದಿದೆ, ನಾನು ಹೋಗಿಲ್ಲ. 21ಕ್ಕೆ 2027ರವರೆಗೆ ಅಪ್‌ಡೇಟ್ ಬರುತ್ತೆ, ಅಷ್ಟ್ರಲ್ಲಿ ದುಡ್ಡು ಹೊಂದಿಸಿ ಪ್ರಿಂಟರನ್ನೇ ಬದಲಾಯಿಸ್ತೀನಿ.