ನಮ್ಮ ಪಂಚಾಯ್ತಿಯ ಬಾಪೂಜಿ ಸೇವಾ ಕೇಂದ್ರಕ್ಕೆ ಐದಕ್ಕೆ ಮೂರೂವರೆ

ಬಾಪೂಜಿ ಸೇವಾ ಕೇಂದ್ರ ಅಂದರೆ ಪಂಚಾಯ್ತಿ ಆಫೀಸಿನಲ್ಲೇ ಕಂದಾಯ, ಅರ್ಜಿಗಳ ಕೆಲಸ ಮಾಡಿಕೊಡುವ ಕೌಂಟರ್. ಪಂಚಾಯ್ತಿ ಆಫೀಸಿಗೂ ಯಾರಾದರೂ ಮಾರ್ಕು ಹಾಕುತ್ತಾರಾ ಅಂತ ಮನೆಯಲ್ಲಿ ನಕ್ಕರು. ಹೋಟೆಲಿನ ದೋಸೆಗೆ ಹಾಕಬಹುದಾದರೆ ಇದಕ್ಕೇಕೆ ಬೇಡ? ಕಂದಾಯ ಕಟ್ಟುವವರು ನಾವೇ ಅಲ್ವಾ.

ಊರು ಮೂಡಿಗೆರೆ ತಾಲ್ಲೂಕಿನದು, ಹೆಸರು ಬೇಡ. ಊರು ಅಂದ ತಕ್ಷಣ ಬೀದಿ, ಸಾಲುಮನೆ ಅಂದುಕೊಳ್ಳಬೇಡಿ. ಕಾಫಿ ತೋಟದೊಳಗೆ ಅಲ್ಲೊಂದು ಇಲ್ಲೊಂದು ಮನೆ, ಮಧ್ಯೆ ಹಳ್ಳ, ಆಚೆ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳು. ಇಂಥ ಹಲವು ಹಳ್ಳಿ ಸೇರಿ ಒಂದು ಪಂಚಾಯ್ತಿ. ಬಯಲುಸೀಮೆಯಲ್ಲಿ ಒಂದು ಪಂಚಾಯ್ತಿಗೆ ಐದರಿಂದ ಏಳು ಸಾವಿರ ಜನ ಅಂತ ಲೆಕ್ಕ. ಮಲೆನಾಡಿನ ಜಿಲ್ಲೆಗಳಲ್ಲಿ 2,500 ಇದ್ದರೂ ಸಾಕು ಅಂತ ಕಾನೂನಿನಲ್ಲೇ ಇದೆ. ಅದಿಲ್ಲದಿದ್ದರೆ ಒಂದು ಸಹಿಗೆ ಎಲ್ಲಿಗೆ ಹೋಗಬೇಕಿತ್ತೋ! ಎಂಪಿ ವಿಷಯ ಕೇಳಲೇಬೇಡಿ. ನಾವು ಘಟ್ಟದ ಕೆಳಗಿನ ಉಡುಪಿಯವರ ಜೊತೆ ವೋಟು ಹಾಕುತ್ತೇವೆ, ಇದೇ ಜಿಲ್ಲೆಯ ಕಡೂರಿನವರು ಹಾಸನಕ್ಕೆ ಹಾಕುತ್ತಾರೆ.

ಆಫೀಸಿನ ಜಗಲಿ ಗೋಡೆಯಲ್ಲಿ ಹಳ್ಳಿವಾರು ಜನಸಂಖ್ಯೆ ಬರೆಸಿದ್ದಾರೆ. ಗಂಡು, ಹೆಣ್ಣು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಒಟ್ಟು. ಮಳೆ ಎರಚಲಿಗೆ ಕೆಳಗಿನ ಎರಡು ಸಾಲು ಅರ್ಧ ಅಳಿಸಿದೆ. ಒಂದು ಸಾಲಿನಲ್ಲಿ ಹಳ್ಳಿಯ ಹೆಸರಿದೆ, ಮುಂದೆ ಎಲ್ಲಾ ಸೊನ್ನೆ. ಅದು ಬೇಚರಾಕ್ ಗ್ರಾಮ, ಸರ್ವೆ ನಂಬರ್ ಉಂಟು, ಜನ ಇಲ್ಲ. ಅಂಕಿಯೆಲ್ಲ 2011ರ ಜನಗಣತಿಯದು. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್ ಕಾಲದಲ್ಲಿ ಮುಂದಕ್ಕೆ ಹೋಯಿತಲ್ಲ. ಗೋಡೆಯ ಲೆಕ್ಕದಲ್ಲಿರುವ ಎಷ್ಟೋ ಹುಡುಗರು ಈಗ ಬೆಂಗಳೂರಿನಲ್ಲಿದ್ದಾರೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದು ಲೈನಿನಲ್ಲಿರುವವರು ಆ ಲೆಕ್ಕಕ್ಕೆ ಬಂದಿಲ್ಲ. ಜನ ಕಡಿಮೆಯಾಗುವುದು ನಮಗೆ ಹೊಸದಲ್ಲ ಬಿಡಿ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ ಇದ್ದರು, 2011ಕ್ಕೆ 11,37,961.

ಇನ್ನು ಕೆಲಸದ ವಿಷಯ. ಮನೆ ಕಂದಾಯ ಕಟ್ಟುವುದು ಸಲೀಸು. ಆಪರೇಟರ್ ಹುಡುಗಿ ಪಂಚತಂತ್ರ ತಂತ್ರಾಂಶದಲ್ಲಿ ಹೆಸರು ಹುಡುಕಿ, ಹಳೇ ಬಾಕಿ ಇದ್ದರೆ ಅದನ್ನೂ ಹೇಳಿ, ಪ್ರಿಂಟ್ ತೆಗೆದು ಕೊಡುತ್ತಾಳೆ. ಮುಂಚೆ ಬಿಲ್ ಕಲೆಕ್ಟರ್ ತೋಟಕ್ಕೆ ಬಂದಾಗ ಹರಿದುಕೊಡುತ್ತಿದ್ದ ಚೀಟಿ ಮಳೆಗಾಲ ಮುಗಿಯುವಷ್ಟರಲ್ಲಿ ಬೂಸಲು ಹಿಡಿಯುತ್ತಿತ್ತು. ಪಹಣಿ ಪ್ರತಿಯೂ ಇಲ್ಲೇ ಸಿಗುತ್ತದೆ. ಮಾತು ಒರಟಿಲ್ಲ. ವಯಸ್ಸಾದವರನ್ನು ಕೂರಿಸಿ, ಅರ್ಜಿ ತಾನೇ ತುಂಬುತ್ತಾಳೆ. ಇದಕ್ಕೇ ಜಾಸ್ತಿ ಮಾರ್ಕು ಕೊಟ್ಟಿದ್ದು.

ಒಂದು ಮಾರ್ಕು ಕಡಿದಿದ್ದು, ಯಾವ ಕೆಲಸ ಯಾರದು ಅಂತ ಒಂದು ಬೋರ್ಡೂ ಇಲ್ಲದ್ದಕ್ಕೆ. ಮನೆ, ನಿವೇಶನದ ಖಾತೆ ಪಂಚಾಯ್ತಿಯದು, ಇ-ಸ್ವತ್ತು ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗಬೇಕು. ಜಮೀನಿನ ಕೆಲಸ ಕಂದಾಯ ಇಲಾಖೆಯದು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿಯನ್ನು ಇಲ್ಲಿ ಹಾಕಬಹುದು. ಆದರೆ ಫೈಲು ಗ್ರಾಮ ಆಡಳಿತಾಧಿಕಾರಿ, ಅಂದರೆ ನಮ್ಮ ಹಳೇ ವಿಎ (ಗ್ರಾಮ ಲೆಕ್ಕಿಗ), ಮತ್ತು ಹೋಬಳಿಯ ನಾಡಕಚೇರಿ ಸುತ್ತಿ ಬರಬೇಕು. ನಾನು ಕೂತಿದ್ದಾಗಲೇ ಒಬ್ಬ ಅಜ್ಜಿ ಪಹಣಿ ತಿದ್ದುಪಡಿಗೆ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೇ ಪತ್ರಗಳು, ಮೇಲೊಂದು ರಬ್ಬರ್ ಬ್ಯಾಂಡ್. ಪಂಚಾಯ್ತಿಯ ಅಧಿಕಾರಿ ಪಿಡಿಒ ಬರಲಿ ಅಂತ ಮಧ್ಯಾಹ್ನದವರೆಗೆ ಸುಮ್ನೆ ಕೂರಿಸಿ, ಆಮೇಲೆ "ಇದು ಇಲ್ಲಲ್ಲ, ತಾಲ್ಲೂಕು ಆಫೀಸಿಗೆ ಹೋಗಬೇಕು" ಅಂದರು. ಅಷ್ಟೊತ್ತಿಗೆ ಅವರ ಬಸ್ಸು ಹೋಗಿಯಾಗಿತ್ತು. ಗೋಡೆ ತುಂಬಾ 2011ರ ಅಂಕಿ ಬರೆಸುವವರಿಗೆ ಈ ನಾಲ್ಕು ಸಾಲು ಬರೆಸಲು ಏನು ಕಷ್ಟ?

ಉಳಿದ ಅರ್ಧ ಮಾರ್ಕು ಕರೆಂಟಿಗೆ. ಜುಲೈ, ಆಗಸ್ಟಿನಲ್ಲಿ ಮರ ಬಿದ್ದು ಲೈನು ಹೋದರೆ ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಗುತ್ತದೆ. ಕರೆಂಟ್ ಇದ್ದ ದಿನ ಸರ್ವರ್ ಇರುವುದಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಆಧಾರ್, ಹೋದ ವರ್ಷದ ಕಂದಾಯ ರಸೀದಿ ಎರಡೂ ಜೊತೆಗಿರಲಿ, ಜೆರಾಕ್ಸ್ ಅಂಗಡಿ ಹತ್ತಿರ ಇಲ್ಲ. ನಮ್ಮ ಇ-ಸ್ವತ್ತಿನ ಅರ್ಜಿ ಇನ್ನೂ ಅಲ್ಲೇ ಇದೆ. ಬಂದರೆ ಇನ್ನರ್ಧ ಮಾರ್ಕು ಸೇರಿಸುತ್ತೇನೆ.