ವಕೀಲಿ ಬಿಟ್ಟು ಬೇರೆ ನೌಕರಿ: ನಾನು ತುಳಿದ ಮೂರು ದಾರಿಗಳು

ಧಾರವಾಡದಲ್ಲಿ ಆರು ವರ್ಷ ವಕೀಲಿ ಮಾಡಿದ ಮೇಲೆ ಕಾನೂನಿನಾಚೆಯ ನೌಕರಿ ಹುಡುಕಲು ಹೊರಟ ನಾನು ಉದ್ಯೋಗ ಜಾಲತಾಣ, ನೌಕರಿ ಕೊಡಿಸುವ ಕನ್ಸಲ್ಟೆನ್ಸಿ, ಹಳೆಯ ಕಕ್ಷಿದಾರರು ಎಂಬ ಮೂರು ದಾರಿಗಳನ್ನೂ ತುಳಿದಿದ್ದೇನೆ. ಮೂರನೆಯದನ್ನೇ ಮೊದಲು ಹಿಡಿದಿದ್ದರೆ ಏಳು ತಿಂಗಳು ಉಳಿಯುತ್ತಿದ್ದವು.

ಜಾಲತಾಣಕ್ಕೆ ಖರ್ಚಿಲ್ಲ, ರಾತ್ರಿ ಊಟವಾದ ಮೇಲೆ ಕುಳಿತು ಹತ್ತು ಅರ್ಜಿ ಹಾಕಬಹುದು. ಆದರೆ ಅಲ್ಲಿನ ನಮೂನೆಯಲ್ಲಿ ಈಗಿನ ಸಂಸ್ಥೆ, ಈಗಿನ ವಾರ್ಷಿಕ ವೇತನ, ನೋಟಿಸ್ ಅವಧಿ ಎಂಬ ಮೂರು ಅಂಕಣಗಳನ್ನು ತುಂಬದೆ ಅರ್ಜಿ ಮುಂದೆ ಹೋಗುವುದಿಲ್ಲ, ಮತ್ತು ಹಿರಿಯ ವಕೀಲರ ಕಚೇರಿಯಲ್ಲಿ ದುಡಿಯುವ ಕಿರಿಯರಿಗೆ ಈ ಮೂರೂ ಇರುವುದಿಲ್ಲ. ಹಿರಿಯರು ತಿಂಗಳ ಕೊನೆಗೆ ಕೈಗಿಡುವ ಹಣಕ್ಕೆ ಪೇಸ್ಲಿಪ್ ಎಲ್ಲಿಂದ ಬರಬೇಕು? ನೋಟಿಸ್ ಅವಧಿಯೆಂದರೆ ನನಗೆ ನೆನಪಾಗುತ್ತಿದ್ದುದು ಚೆಕ್ ಬೌನ್ಸ್ ಪ್ರಕರಣದಲ್ಲಿ ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಇರುವ 15 ದಿನಗಳೇ.

ವೇತನದ ಅಂಕಣದಲ್ಲಿ ಸೊನ್ನೆ ಹಾಕಿದ ಅರ್ಜಿಗಳಲ್ಲಿ ಒಂದಕ್ಕೂ ಮರುಮಾತು ಬರಲಿಲ್ಲ. ಆದಾಯ ತೆರಿಗೆ ವಿವರದಲ್ಲಿದ್ದ ಮೊತ್ತವನ್ನೇ ಬರೆದಾಗ ಒಂದು ಕಂಪನಿಯಿಂದ ಕರೆ ಬಂದಿತಾದರೂ ಅವರಿಗೆ ಕಳೆದ ಮೂರು ತಿಂಗಳ ಪೇಸ್ಲಿಪ್ಪೇ ಬೇಕಿತ್ತು. ಬ್ಯಾಂಕ್ ವಿವರ ಕೊಡುತ್ತೇನೆಂದದ್ದಕ್ಕೆ ‘ತಿಳಿಸುತ್ತೇವೆ’ ಎಂದವರು ಇಂದಿಗೂ ತಿಳಿಸಿಲ್ಲ. ನಾಳೆ ಮತ್ತೆ ಕೋರ್ಟಿಗೆ ಹೋಗುವವರೆಂಬ ಸಂಶಯವೂ ಅವರ ಮಾತಿನಲ್ಲಿತ್ತು. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ ವಕೀಲಿ ಮಾಡುತ್ತಿರುವವರು ಪೂರ್ಣಾವಧಿಯ ಸಂಬಳದ ನೌಕರರಾಗಿರುವಂತಿಲ್ಲ, ನೌಕರಿ ಹಿಡಿದರೆ ಹೆಸರು ನೋಂದಾಯಿಸಿದ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ವೃತ್ತಿ ನಿಲ್ಲಿಸಬೇಕು ಎಂದು ವಿವರಿಸಲು ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಕನ್ಸಲ್ಟೆನ್ಸಿಯವರು 2,500 ರೂಪಾಯಿ ನೋಂದಣಿ ಶುಲ್ಕ ಪಡೆದು, ಬೇಡವೆಂದು ಬರೆದುಕೊಟ್ಟಿದ್ದರೂ ಎರಡು ಸಲ ಕಾನೂನು ವಿಭಾಗದ ಸಂದರ್ಶನಕ್ಕೇ ಕಳಿಸಿದರು.

ಕಕ್ಷಿದಾರರನ್ನು ಕೇಳಲು ನಾನು ತಡಮಾಡಿದ್ದಕ್ಕೆ ಕಾರಣ ಸಂಕೋಚ. ವಕೀಲರು ಕೆಲಸಕ್ಕಾಗಿ ಜಾಹೀರಾತು ಕೊಡಬಾರದು, ಯಾರನ್ನೂ ಓಲೈಸಬಾರದು ಎನ್ನುವ 36ನೇ ನಿಯಮವು ಪ್ರಕರಣ ಹಿಡಿಯುವುದಕ್ಕೆ ಸಂಬಂಧಿಸಿದ್ದೇ ಹೊರತು ನೌಕರಿ ಕೇಳುವುದಕ್ಕಲ್ಲ ಎಂಬುದು ತಿಳಿದಿದ್ದರೂ ನಾಲಿಗೆ ಏಳುತ್ತಿರಲಿಲ್ಲ. ಕೊನೆಗೆ ಹುಬ್ಬಳ್ಳಿಯ ಕೃಷಿ ಉಪಕರಣಗಳ ವ್ಯಾಪಾರಿಯೊಬ್ಬರ ಬಳಿಗೆ ಹೋದೆ. ಅವರ ನಾಲ್ಕು ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಚೆಕ್ ಮರಳಿತೆಂಬ ಬ್ಯಾಂಕಿನ ಮೆಮೊ ತಲುಪಿದ 30 ದಿನಗಳೊಳಗೆ ನೋಟಿಸ್, ಅದು ಎದುರಾಳಿಗೆ ಸೇರಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು ಎಂಬ ಲೆಕ್ಕವನ್ನು ನನ್ನ ಡೈರಿಯಲ್ಲಿ ಅವರೇ ಕಂಡಿದ್ದರು. ‘ವಕೀಲರೇ, ನಮ್ಮ ಉದ್ರಿಗೂ ಇಂಥಾ ಡೈರಿ ಬೇಕಾಗೇದ ನೋಡ್ರಿ’ ಎಂದವರು ಎರಡನೆಯ ವಾರದಲ್ಲೇ ಸಾಲ ವಸೂಲಿಯ ಉಸ್ತುವಾರಿಗೆ ಕರೆದರು. ಅವರು ನನ್ನ ರೆಸ್ಯೂಮೆ ಕೇಳಲೇ ಇಲ್ಲ.

ಈ ದಾರಿಯಲ್ಲೂ ಕೊರತೆಯಿದೆ: ಸಂಬಳದ ಚೌಕಾಸಿಗೆ ಬಾಯಿ ಬರುವುದಿಲ್ಲ, ಜಾಲತಾಣದಲ್ಲಿ ಕಾಣುವ ಬೆಂಗಳೂರಿನ ಮೊತ್ತವಂತೂ ಇಲ್ಲಿಲ್ಲ. ಬೆಂಗಳೂರಿಗೇ ಹೋಗಬೇಕೆನ್ನುವವರು, ಪೇಸ್ಲಿಪ್ ಉಳ್ಳವರು ಜಾಲತಾಣವನ್ನು ಬಿಡಬೇಕಿಲ್ಲ. ಉಳಿತಾಯ ಕರಗುತ್ತಿದ್ದ, ಎದುರು ಕುಳಿತು ಮಾತನಾಡಿಯೇ ಅಭ್ಯಾಸವಿದ್ದ ನನಗೆ ಹಳೆಯ ಕಕ್ಷಿದಾರರ ದಾರಿಯೇ ಸರಿಹೋಯಿತು. ವಕೀಲಿಯ ಸನದು, ಅಂದರೆ ನೋಂದಣಿ ಪತ್ರ, ಹಿಂದಿರುಗಿಸಿದ ಮೇಲೂ ಅಂಗಡಿಯಲ್ಲಿ ನನ್ನನ್ನು ‘ವಕೀಲರೇ’ ಎಂದೇ ಕರೆಯುತ್ತಾರೆ.