ಅನ್‌ಮೀ ಶಾಂತಿಪಡೆ: ಕಾವಲಿಗೆ ಪೂರ್ತಿ ಅಂಕ, ಕಳಿಸಿದವರಿಗೆ ಇಲ್ಲ

ಶಾಂತಿಪಡೆಯೂ ಒಂದು ಸೇವೆಯೇ, ಅಲ್ವಾ? ದುಡ್ಡು ಕೊಡುವವರಿದ್ದಾರೆ, ದುಡಿಯುವವರಿದ್ದಾರೆ, ಅದನ್ನೇ ನಂಬಿ ಕೂತ ಹಳ್ಳಿಯವರಿದ್ದಾರೆ. ಹಾಗಾಗಿ ಅದು ಹೇಗಿತ್ತು ಅಂತ ಯಾರಾದರೂ ಹೇಳಬೇಕು. ನಾನು ಭಾರತೀಯ ಬೆಟಾಲಿಯನ್ನಿನಲ್ಲಿ ಡ್ರೈವರ್ ಆಗಿದ್ದವನು. ಆಫ್ರಿಕಾದ ಇಥಿಯೋಪಿಯಾ–ಎರಿಟ್ರಿಯಾ ಗಡಿ ಕಾಯಲು ವಿಶ್ವಸಂಸ್ಥೆ ಕಳಿಸಿದ್ದ ಪಡೆಯನ್ನು ಎಲ್ಲರೂ ಅನ್‌ಮೀ ಅನ್ನುತ್ತಿದ್ದರು. ಅದರ ಮಧ್ಯ ಸೆಕ್ಟರಿನಲ್ಲಿ, ಇಥಿಯೋಪಿಯಾದ ಅಡಿಗ್ರಾಟ್ ಊರಿನ ಕಡೆ ಗಾಡಿ ಓಡಿಸಿದ್ದೇನೆ. ಆಗ ಫೋರ್ಸ್ ಕಮಾಂಡರ್ ಕೂಡ ನಮ್ಮವರೇ, ರಾಜೇಂದರ್ ಸಿಂಗ್.

ಯುದ್ಧ ಶುರುವಾದದ್ದು 1998ರ ಮೇ ತಿಂಗಳಲ್ಲಿ, ಬಾದ್ಮೆ ಎಂಬ ಸಣ್ಣ ಊರಿನ ವಿಚಾರಕ್ಕೆ. ಎರಡು ವರ್ಷದಲ್ಲಿ ಹತ್ತಾರು ಸಾವಿರ ಜನ ಸತ್ತರು. 2000ದಲ್ಲಿ ಕದನ ನಿಂತಿತು. ಎರಡು ಸೈನ್ಯಗಳ ನಡುವೆ 25 ಕಿಲೋಮೀಟರ್ ಅಗಲದ ಪಟ್ಟಿ ಖಾಲಿ ಮಾಡಿಸಿ, ಕಾಯಲು 4,200 ಸೈನಿಕರವರೆಗೆ ಕಳಿಸಲು ಭದ್ರತಾ ಮಂಡಳಿ ಒಪ್ಪಿತು.

ಕಾವಲು ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಅಡಿಗ್ರಾಟ್‌ನಿಂದ ಉತ್ತರಕ್ಕೆ ಹೋದರೆ ಜಲಂಬೆಸ್ಸ, ಯುದ್ಧದಲ್ಲಿ ನೆಲಸಮವಾದ ಊರು. ಅದನ್ನು ದಾಟಿದರೆ ಎರಿಟ್ರಿಯಾದ ಸೆನಾಫೆ. ದಾರಿ ಬದಿಯಲ್ಲಿ ಕೆಂಪು ಬಣ್ಣ ಬಳಿದ ಕಲ್ಲು ಕಂಡರೆ ಆಚೆ ನೆಲಬಾಂಬ್ ಇದೆ ಅಂತ. ಬಿಳಿ ಬಣ್ಣದ ಕಡೆ ಹುಡುಕಿ ತೆಗೆದಾಗಿದೆ. ಆದರೂ ಮಣ್ಣಿನ ದಾರಿಯಲ್ಲಿ ಮುಂದಿನ ಗಾಡಿಯ ಚಕ್ರದ ಗುರುತಿನ ಮೇಲೇ ನನ್ನ ಚಕ್ರ ಹೋಗಬೇಕು. ತೆಗೆದ ಜಾಗದಲ್ಲೇ ಯಾರೋ ಹೊಸದಾಗಿ ಹೂತಿಡುತ್ತಿದ್ದರು. ಒಂದು ಸಲ ಕರುವೊಂದು ಕೆಂಪು ಕಲ್ಲಿನಾಚೆ ಮೇಯುತ್ತಿತ್ತು. ಏಳೆಂಟು ವರ್ಷದ ಹುಡುಗ ಅದರ ಮುಂದೆ ಬೀಳುವ ಹಾಗೆ ಸಣ್ಣ ಕಲ್ಲು ಎಸೆದು ಎಸೆದು ಈಚೆಗೆ ತಿರುಗಿಸಿಕೊಂಡ. ಕಲ್ಲಿನ ಸಾಲು ದಾಟಿ ಒಂದು ಹೆಜ್ಜೆಯೂ ಇಡಲಿಲ್ಲ. ನೆಲಬಾಂಬ್ ಬಗ್ಗೆ ಹಳ್ಳಿ ಹಳ್ಳಿಗೆ ಹೋಗಿ ತಿಳಿಹೇಳಿದವರಿಗೆ ನಾನು ಐದಕ್ಕೆ ಐದು ಕೊಡುತ್ತೇನೆ.

ನಮ್ಮ ಡಾಕ್ಟರು ಹಳ್ಳಿಯವರನ್ನೂ ನೋಡುತ್ತಿದ್ದರು. ಬೆಳಿಗ್ಗೆಯೇ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸರ ಸಾಲು. (ಅಲ್ಲಿ ರಾಗಿ ಬೆಳೆಯುತ್ತಾರೆ, ದಗುಶಾ ಅಂತಾರೆ. ಹೊಲ ನೋಡಿದಾಗಲೆಲ್ಲ ನನಗೆ ಊರ ಕಡೆಯೇ ಇದ್ದೇನೆ ಅನ್ನಿಸುತ್ತಿತ್ತು.)

ಕೆಟ್ಟದ್ದು ಮೇಲಿನವರ ಕೆಲಸ. ಗಡಿ ಎಲ್ಲಿ ಅಂತ ತೀರ್ಮಾನಿಸಲು ಎರಡೂ ದೇಶದ ಶಾಂತಿ ಒಪ್ಪಂದದಂತೆ ನೇಮಿಸಿದ್ದ ಗಡಿ ಆಯೋಗ 2002ರ ಏಪ್ರಿಲ್‌ನಲ್ಲೇ ತೀರ್ಪು ಕೊಟ್ಟಿತು: ಬಾದ್ಮೆ ಎರಿಟ್ರಿಯಾಕ್ಕೆ. ತೀರ್ಪು ಏನೇ ಬಂದರೂ ಒಪ್ಪುತ್ತೇವೆ ಅಂತ ಎರಡೂ ದೇಶ ಮೊದಲೇ ಸಹಿ ಹಾಕಿದ್ದವು. ಇಥಿಯೋಪಿಯಾ ಊರು ಬಿಟ್ಟುಕೊಡಲಿಲ್ಲ. ಒಪ್ಪಂದಕ್ಕೆ ಸಾಕ್ಷಿ ನಿಂತವರು ಗಟ್ಟಿಯಾಗಿ ಕೇಳಲೂ ಇಲ್ಲ. ಮೇಲಾಗಿ ಆ 25 ಕಿಲೋಮೀಟರ್ ಪಟ್ಟಿ ಪೂರ್ತಿ ಎರಿಟ್ರಿಯಾದ ನೆಲದಲ್ಲೇ ಇತ್ತು. ಅವರಿಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಆ ಸಿಟ್ಟು ತೀರಿಸಿಕೊಂಡದ್ದು ಕಾಯುವ ಹುಡುಗರ ಮೇಲೆ. 2005ರ ಅಕ್ಟೋಬರ್‌ನಲ್ಲಿ ಎರಿಟ್ರಿಯಾ ಅನ್‌ಮೀ ಹೆಲಿಕಾಪ್ಟರ್ ಹಾರಬಾರದು ಅಂದಿತು. ರಾತ್ರಿ ಗಸ್ತೂ ಬಂದ್.

ಹೆಲಿಕಾಪ್ಟರ್ ಇಲ್ಲ ಅಂದರೆ ಏನು ಅಂತ ಆ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು. ನೆಲಬಾಂಬ್‌ಗೆ ಕಾಲು ಹೋದವನನ್ನು ಆ ತಿರುವುಗಳಲ್ಲಿ ಗಂಟೆಗಟ್ಟಲೆ ಕುಲುಕಿಸಿಕೊಂಡು ಒಯ್ಯಬೇಕು. ಅದಕ್ಕೇ ದೂರದ ಎಷ್ಟೋ ಠಾಣೆ ಖಾಲಿ ಮಾಡಬೇಕಾಯಿತು. ಖಾಲಿಯಾದ ಠಾಣೆಯ ಸುತ್ತ ಏನು ನಡೆಯುತ್ತಿದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ಎರಿಟ್ರಿಯಾದವರು ಡೀಸೆಲ್ಲನ್ನೂ ನಿಲ್ಲಿಸಿದರು. 2008ರ ಜುಲೈನಲ್ಲಿ ಭದ್ರತಾ ಮಂಡಳಿ ಪಡೆಯನ್ನೇ ಮುಚ್ಚಿತು. ಬಾದ್ಮೆ ಆಗಲೂ ಇಥಿಯೋಪಿಯಾದ ಕೈಯಲ್ಲೇ ಇತ್ತು.

ಒಟ್ಟು ಐದಕ್ಕೆ ಮೂರು. ಆ ಮೂರೂ ನೆಲದ ಮೇಲೆ ನಿಂತು ಕೆಲಸ ಮಾಡಿದವರದ್ದು. ಏಳೆಂಟು ವರ್ಷ ಆ ಗಡಿಯಲ್ಲಿ ದೊಡ್ಡ ಯುದ್ಧ ಮತ್ತೆ ಆಗಲಿಲ್ಲ, ಅದು ಸಣ್ಣ ಮಾತಲ್ಲ.

ಮುಂದೆ ಎಲ್ಲಿಗಾದರೂ ಇಂಥ ಪಡೆ ಕಳಿಸುವವರು ಎರಡು ವಿಷಯ ಮೊದಲೇ ಬರೆಸಿಕೊಳ್ಳಲಿ. ಕಾವಲು ಪಟ್ಟಿ ಎರಡೂ ದೇಶದ ನೆಲದಲ್ಲಿರಬೇಕು. ಗಾಯಾಳುವನ್ನು ಒಯ್ಯುವ ಹೆಲಿಕಾಪ್ಟರನ್ನು ಯಾರೂ ತಡೆಯುವ ಹಾಗಿರಬಾರದು. ಇದಕ್ಕೆ ಒಪ್ಪದಿದ್ದರೆ ನಮ್ಮ ಹುಡುಗರನ್ನು ಕಳಿಸಬೇಡಿ.